ಯಶವಂತಪುರದಲ್ಲಿ ರೋಮ್ ಬೆಳ್ಳಿ, ಬೇಗೂರಲ್ಲಿ ವೀರಗಲ್ಲು: ನಾಣ್ಯಕ್ಕೆ ಕಲ್ಲಿನ ಸಾಕ್ಷಿ ಕೊಟ್ಟ ರೈಸ್ ಸಾಹೇಬ್ರು

ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಮೆಟ್ರೋ ಹತ್ತುವವರಿಗೆ ಯಶವಂತಪುರ ಅಂದ್ರೆ ಎಪಿಎಂಸಿ ಯಾರ್ಡ್, ಈರುಳ್ಳಿ ಲಾರಿ, ರೈಲ್ವೆ ಸ್ಟೇಷನ್ನು. ಇದೇ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ ಬೆಳ್ಳಿ ನಾಣ್ಯಗಳ ರಾಶಿಯೊಂದು ಸಿಕ್ಕಿತು. ಎಣಿಸಿದರೆ 163. ಅವುಗಳ ಮೇಲೆ ಮೈಸೂರು ಅರಸರ ಗುರುತೂ ಇಲ್ಲ, ವಿಜಯನಗರದ್ದೂ ಇಲ್ಲ. ಇದ್ದದ್ದು ರೋಮ್ ಚಕ್ರವರ್ತಿಗಳ ತಲೆ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್. ಸಿಕ್ಕಿದ ದಿನಕ್ಕೇ ಅವು ಸಾವಿರದ ಎಂಟುನೂರು ವರ್ಷಕ್ಕಿಂತ ಹಳೆಯವು.

ಒಂದೊಂದು ನಾಣ್ಯ ನಾಲ್ಕು ಗ್ರಾಂ ಒಳಗೆ. 163ನ್ನೂ ತಕ್ಕಡಿಗೆ ಹಾಕಿದ್ರೂ ಅರ್ಧ ಕೆಜಿ ಮೇಲೆ ಸ್ವಲ್ಪ ತೂಗುತ್ತಿತ್ತು, ಅಷ್ಟೇ. ಅಕ್ಕಸಾಲಿಯ ಮೂಸೆಗೆ ಬಿದ್ದಿದ್ದರೆ ಒಂದು ಸಂಜೆಯಲ್ಲಿ ಕರಗಿ ಕಾಲುಗೆಜ್ಜೆ ಆಗಿಹೋಗ್ತಿತ್ತು. ಹಾಗೆ ಆಗಲಿಲ್ಲ. ನಾಣ್ಯದ ಜೊತೆ ಸಿಕ್ಕಿದ ಊರಿನ ಹೆಸರೂ ಉಳಿಯಿತು. ಬೆಂಗಳೂರಿನ ಚರಿತ್ರೆ ಬರೆಯುವವರು ಇವತ್ತಿಗೂ ಕೆಂಪೇಗೌಡರಿಗಿಂತ ಹಿಂದಕ್ಕೆ, ಗಂಗರಿಗಿಂತಲೂ ಹಿಂದಕ್ಕೆ ಹೋಗಬೇಕಾದ್ರೆ ಯಶವಂತಪುರದ ಈ ಬೆಳ್ಳಿ ಹಿಡಿದೇ ಹೋಗೋದು.

ಆ ಹೊತ್ತಿಗೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಗೆ ಮುಖ್ಯಸ್ಥರಾಗಿದ್ದವರು ಬೆಂಜಮಿನ್ ಲೂಯಿಸ್ ರೈಸ್. ಶಾಸನ ಪಿತಾಮಹ ಅಂತ ಶಾಲೆ ಪುಸ್ತಕದಲ್ಲಿ ಒಂದು ಸಾಲು ಓದಿರುತ್ತೀರಿ. ರೋಮ್ ನಾಣ್ಯ ಓದುವುದು ಅವರ ಮುಖ್ಯ ಕೆಲಸವಾಗಿರಲಿಲ್ಲ. ಅವರ ಕೆಲಸ ಕಲ್ಲಿನದು. ಆದರೆ ನಮ್ಮದೇ ರಾಜರ ನಾಣ್ಯಗಳನ್ನು ಮ್ಯೂಸಿಯಂನವರು ಇದು ಇಂಥವರದು, ಇಂಥ ಕಾಲದ್ದು ಅಂತ ಧೈರ್ಯವಾಗಿ ಚೀಟಿ ಅಂಟಿಸಬೇಕಾದರೆ ಆ ಕಲ್ಲುಗಳೇ ಬೇಕಾಯ್ತು.

ಅವೆನ್ಯೂ ರಸ್ತೆಯ ಮನೆತನ

ರೈಸ್ ಹೊರಗಿಂದ ಬಂದ ದೊರೆ ಅಲ್ಲ. ಹುಟ್ಟಿದ್ದು ಬೆಂಗಳೂರಲ್ಲೇ, 1837ರ ಜುಲೈ 17ರಂದು. ಅಪ್ಪ ರೆವರೆಂಡ್ ಬೆಂಜಮಿನ್ ರೈಸ್, ಲಂಡನ್ ಮಿಷನ್ನಿನ ಪಾದ್ರಿ. ಅವೆನ್ಯೂ ರಸ್ತೆಯಲ್ಲಿ ಪುಸ್ತಕದಂಗಡಿ ಸಾಲಿನ ಮಧ್ಯೆ ರೈಸ್ ಮೆಮೋರಿಯಲ್ ಚರ್ಚ್ ಇದೆಯಲ್ಲ, ಅದು ಈ ಅಪ್ಪನ ಹೆಸರಿನದು. ಸಗಟು ಮಾಲು ತರಲು ಚಿಕ್ಕಪೇಟೆಗೆ ಹೋಗುವ ಎಷ್ಟೋ ಅಂಗಡಿಯವರು ಅದರ ಮುಂದೇ ಗಾಡಿ ನಿಲ್ಲಿಸಿರುತ್ತಾರೆ. ಮಗನ ಹೆಸರಿನದು ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ.

ಓದಿಗೆ ಇಂಗ್ಲೆಂಡಿಗೆ ಹೋದ ಹುಡುಗ 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥನಾದ. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು. ಐದಾರು ವರ್ಷದಲ್ಲೇ ಸ್ಕೂಲ್ ಇನ್ಸ್‌ಪೆಕ್ಟರ್, ಆಮೇಲೆ ವಿದ್ಯಾ ಇಲಾಖೆಯ ಮುಖ್ಯಸ್ಥ. ಹೋಬಳಿಗೊಂದು ಕನ್ನಡ ಶಾಲೆ ಅನ್ನುವ ಯೋಜನೆ 1868ರ ಸುಮಾರಿಗೆ ಮೈಸೂರು ಸೀಮೆಯಲ್ಲಿ ಶುರುವಾದದ್ದರ ಹಿಂದೆ ಇದ್ದವರಲ್ಲಿ ಇವರೂ ಒಬ್ಬರು. ಇಲಾಖೆಯಲ್ಲಿ ತಮಗಿಂತ ಮೇಲಿದ್ದ ಜಾನ್ ಗ್ಯಾರೆಟ್ ಅವರ ಮಗಳನ್ನೇ ಮದುವೆಯಾದರು.

ಇನ್ಸ್‌ಪೆಕ್ಟರ್ ಕೆಲಸ ಅಂದ್ರೆ ಆಗ ಕುದುರೆ ಮೇಲೆ ಊರೂರು ಅಲೆಯೋದು. ಶಾಲೆ ಇರುತ್ತಿದ್ದದ್ದು ದೇವಸ್ಥಾನದ ಜಗಲಿಯಲ್ಲೋ ಚಾವಡಿಯಲ್ಲೋ. ಮಕ್ಕಳ ಮಗ್ಗಿ ಕೇಳಿ ಹೊರಗೆ ಬಂದರೆ ಎದುರಿಗೇ ಅಕ್ಷರ ತುಂಬಿದ ಕಲ್ಲು. ಊರಿನವರನ್ನು ಕೇಳಿದರೆ ಇದರ ಕೆಳಗೆ ನಿಧಿ ಇದೆ ಅನ್ನೋರು, ದೇವರ ಕಲ್ಲು ಅನ್ನೋರು. ಓದೋರು ಮಾತ್ರ ಸಿಗುತ್ತಿರಲಿಲ್ಲ. ಹಳಗನ್ನಡದ ಲಿಪಿ ಊರ ಶ್ಯಾನುಭೋಗರಿಗೂ ಬರುತ್ತಿರಲಿಲ್ಲ.

ಮೊದಲು ಕೈಗೆ ಬಂದದ್ದು ಫೋಟೋಗಳು. ಮೇಜರ್ ಡಿಕ್ಸನ್ ಎಂಬ ಮಿಲಿಟರಿ ಅಧಿಕಾರಿ 1865ರ ಸುಮಾರಿಗೆ ಮೈಸೂರು ಸೀಮೆಯ ನೂರೈವತ್ತರಷ್ಟು ಶಾಸನಗಳ ಫೋಟೋ ತೆಗೆದಿದ್ದರು. ತೆಗೆದದ್ದೇನೋ ಸರಿ, ಅದರಲ್ಲಿ ಏನು ಬರೆದಿದೆ ಅಂತ ಹೇಳೋರು ಬೇಕಿತ್ತು. ಆ ಕೆಲಸ ರೈಸ್ ಪಾಲಿಗೆ ಬಂತು. ಪಂಡಿತರನ್ನು ಕೂರಿಸಿಕೊಂಡು ಓದಿ, ಅನುವಾದ ಮಾಡಿ 1879ರಲ್ಲಿ ಮೈಸೂರು ಇನ್‌ಸ್ಕ್ರಿಪ್ಷನ್ಸ್ ಎಂಬ ಪುಸ್ತಕ ತಂದರು. ಅಷ್ಟರಲ್ಲೇ ಮೈಸೂರು ಗೆಜೆಟಿಯರ್ ಕೂಡ ಬರೆದು ಮುಗಿಸಿದ್ದರು. 1881ರ ಜನಗಣತಿ, ಆಮೇಲೆ ಕಲ್ಕತ್ತಾದ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿ ಕೆಲಸ, ಇವೆಲ್ಲ ಸರ್ಕಾರಿ ನೌಕರಿಯ ಲೆಕ್ಕ. 1885ರಲ್ಲಿ ಪುರಾತತ್ವ ಇಲಾಖೆ ಹುಟ್ಟಿತು. 1890ರಿಂದ ಅದೇ ಅವರ ಪೂರ್ತಿ ಕೆಲಸ ಆಯ್ತು.

ರೋಮ್ ನಾಣ್ಯ ಸುಲಭ, ನಮ್ಮದೇ ಕಷ್ಟ

ವಿಚಿತ್ರ ಏನಂದ್ರೆ, ಏಳು ಸಮುದ್ರ ದಾಟಿ ಬಂದ ನಾಣ್ಯವನ್ನು ಗುರುತಿಸೋದೇ ಸುಲಭ. ರೋಮಿನ ದಿನಾರಿಯಸ್ ನಾಣ್ಯದ ಒಂದು ಮುಖದಲ್ಲಿ ಚಕ್ರವರ್ತಿಯ ತಲೆ, ಸುತ್ತಲೂ ಅವನ ಹೆಸರು. ಅಕ್ಷರ ಇವತ್ತು ನಮ್ಮ ಇಂಗ್ಲಿಷ್ ಬೋರ್ಡುಗಳಲ್ಲಿ ಇರುವುದೇ, ಯು ಬರೆಯುವ ಕಡೆ ವಿ ಬರೆದಿರುತ್ತಾರೆ, ಪದಗಳನ್ನು ಮೊಟಕು ಮಾಡಿರುತ್ತಾರೆ. ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ಸಿಗುವುದು ಎರಡು ಮಾದರಿ. ಅಗಸ್ಟಸನ ನಾಣ್ಯದ ಹಿಂಬದಿಯಲ್ಲಿ ಅವನ ಇಬ್ಬರು ಮೊಮ್ಮಕ್ಕಳು ಗುರಾಣಿ, ಈಟಿ ಇಟ್ಟುಕೊಂಡು ನಿಂತಿರುತ್ತಾರೆ. ಟೈಬೀರಿಯಸನದರಲ್ಲಿ ಒಬ್ಬ ಹೆಂಗಸು ಕುರ್ಚಿ ಮೇಲೆ ಕೂತಿರುತ್ತಾಳೆ. ಕೆಲವು ನಾಣ್ಯಗಳಲ್ಲಂತೂ ಚಕ್ರವರ್ತಿ ಅಧಿಕಾರಕ್ಕೆ ಬಂದು ಎಷ್ಟನೇ ವರ್ಷ ಅಂತ ಅಂಕಿಯೂ ಇರುತ್ತದೆ. ಅದರಿಂದಲೇ ಒಂದು ರಾಶಿಯಲ್ಲಿ ಕೊನೆಯ ನಾಣ್ಯ ಯಾವ ವರ್ಷದ್ದು ಅಂತ ಹೇಳಲಿಕ್ಕೆ ಆಗೋದು. ಯಶವಂತಪುರದ ರಾಶಿ ಕ್ಲಾಡಿಯಸನ ಕಾಲಕ್ಕೆ, ಅಂದರೆ ಕ್ರಿ.ಶ. 50ರ ಆಸುಪಾಸಿಗೆ ನಿಲ್ಲುತ್ತದೆ.

ಅಷ್ಟು ದೂರದ ದುಡ್ಡು ಇಲ್ಲಿಗೆ ಬಂದದ್ದು ವ್ಯಾಪಾರಕ್ಕೆ. ಕೇರಳ ಕರಾವಳಿಯ ಮುಜಿರಿಸ್ ಬಂದರಿಗೆ ಹಡಗು, ಅಲ್ಲಿಂದ ಪಾಲಕ್ಕಾಡಿನ ಕಣಿವೆ ದಾಟಿ ಕೊಯಮತ್ತೂರು, ಕರೂರು ಸೀಮೆ. ಆ ದಾರಿಯುದ್ದಕ್ಕೂ ರೋಮ್ ನಾಣ್ಯ ಸಿಕ್ಕಿವೆ. ಮೆಣಸು, ಬಟ್ಟೆ, ಹಸಿರು ಕಲ್ಲುಗಳಿಗೆ ಬದಲಾಗಿ ಬಂದ ಬೆಳ್ಳಿ ಕೈಯಿಂದ ಕೈಗೆ ದಾಟಿ ಘಟ್ಟದ ಮೇಲಕ್ಕೂ ಬಂದಿರಬೇಕು. ಯಶವಂತಪುರದಲ್ಲಿ ಹೂತಿಟ್ಟವನು ರೋಮಿನವನೇ ಆಗಬೇಕಿಲ್ಲ. ನಮ್ಮ ಕಡೆಯ ವ್ಯಾಪಾರಿಯೇ ಇರಬಹುದು. ಬ್ಯಾಂಕ್ ಇಲ್ಲದ ಕಾಲದಲ್ಲಿ ನೆಲವೇ ಲಾಕರ್.

ಈಗ ನಮ್ಮ ನಾಡಿನ ನಾಣ್ಯ ತಗೊಳ್ಳಿ. ರಾಜನ ಮುಖ ಇರೋದಿಲ್ಲ. ವರ್ಷ ಇರೋದಿಲ್ಲ. ಎಷ್ಟೋ ನಾಣ್ಯಗಳಲ್ಲಿ ರಾಜನ ಹೆಸರೇ ಇರೋದಿಲ್ಲ. ಒಂದು ಚಿನ್ನದ ನಾಣ್ಯದ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹಳೆಗನ್ನಡ ಅಕ್ಷರದಲ್ಲಿ ಮೂರು ಸಾಲು: ಶ್ರೀ ತಳಕಾಡುಗೊಂಡ. ತಲಕಾಡನ್ನು ಗೆದ್ದವನು ಅಂತ ಅರ್ಥ. ಯಾರು ಗೆದ್ದದ್ದು? ಯಾವಾಗ? ನಾಣ್ಯ ಹೇಳೋದಿಲ್ಲ.

ಅದನ್ನು ಹೇಳೋದು ಕಲ್ಲು. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರಿಂದ ತಲಕಾಡು ಕಿತ್ತುಕೊಂಡ. ಆಮೇಲೆ ಹುಟ್ಟಿದ ಶಾಸನಗಳಲ್ಲಿ ಅವನ ಬಿರುದುಗಳ ಸಾಲಿನಲ್ಲಿ ತಳಕಾಡುಗೊಂಡ ಅಂತ ಮತ್ತೆ ಮತ್ತೆ ಬರುತ್ತದೆ. ಪಕ್ಕದಲ್ಲೇ ಶಕ ವರ್ಷ, ಸಂವತ್ಸರ, ತಿಥಿ ಇರುತ್ತದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬಂತು. ನೊಳಂಬವಾಡಿಗೊಂಡ ಅಂತ ಬರೆದ ನಾಣ್ಯಕ್ಕೂ ಇದೇ ದಾರಿ. ನಾಣ್ಯದ ಚಿತ್ರಗಳನ್ನು ಸರ್ ವಾಲ್ಟರ್ ಎಲಿಯಟ್ 1886ರ ತಮ್ಮ ಪುಸ್ತಕದಲ್ಲಿ ಹಾಕಿದ್ದರು. ಆ ಬಿರುದು ಯಾವ ಊರಲ್ಲಿ, ಯಾವ ಕಲ್ಲಿನ ಮೇಲೆ, ಯಾವ ವರ್ಷ ಇದೆ ಅಂತ ತೋರಿಸುವ ರಾಶಿ ರಾಶಿ ಸಾಕ್ಷಿ ಬಂದದ್ದು ರೈಸ್ ಅವರ ಸಂಪುಟಗಳಿಂದ.

ಅಕ್ಷರ ಇಲ್ಲದ ನಾಣ್ಯ ಇನ್ನೂ ಪೇಚು. ಒಂದು ಕಡೆ ಆನೆ, ಇನ್ನೊಂದು ಕಡೆ ಬಳ್ಳಿಯ ಸುರುಳಿ ಇರುವ ಚಿನ್ನದ ನಾಣ್ಯಗಳು ಬಹಳ ಸಿಗುತ್ತವೆ. ಗಂಗರ ಗುರುತು ಆನೆ, ಹಾಗಾಗಿ ಇವು ಗಂಗರ ನಾಣ್ಯ ಅಂತ ಬಹುಕಾಲದ ವಾಡಿಕೆ. ಓದಲು ಒಂದಕ್ಷರವೂ ಇಲ್ಲದ್ದರಿಂದ ಆ ಚೀಟಿಯ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಹೊಸ ಕಾಲದ ನಾಣ್ಯಗಳಲ್ಲೂ ಮೋಸ ಹೋಗುವ ಜಾಗ ಇದೆ. ಶಿವ ಪಾರ್ವತಿ ಕೂತಿರುವ ಚಿನ್ನದ ವರಹ ನೋಡಿದ ಕೂಡಲೇ ವಿಜಯನಗರ ಅಂದುಬಿಡುತ್ತೇವೆ. ಹಿಂದೆ ತಿರುಗಿಸಿದರೆ ಒಂದೇ ಒಂದು ಪಾರ್ಸಿ ಅಕ್ಷರ ಇದ್ದರೆ ಅದು ಹೈದರಾಲಿಯದು. ಪೇಟೆಯಲ್ಲಿ ಜನ ನಂಬಿದ್ದ ಚಿತ್ರವನ್ನು ಹೈದರ್ ಬದಲಾಯಿಸಲಿಲ್ಲ, ತನ್ನ ಹೆಸರಿನ ಮೊದಲಕ್ಷರ ಮಾತ್ರ ಹಾಕಿಸಿದ. ವ್ಯಾಪಾರ ಗೊತ್ತಿದ್ದವನ ಕೆಲಸ. ಮಗ ಟಿಪ್ಪು ಎಲ್ಲವನ್ನೂ ಬದಲಾಯಿಸಿದ. ತಾಮ್ರದ ಕಾಸಿನ ಮೇಲೆ ಆನೆ, ತನ್ನದೇ ಹೊಸ ಮೌಲೂದಿ ಶಕೆ, ಅದರ ಅಂಕಿಗಳು ಬಲದಿಂದ ಎಡಕ್ಕೆ. ಇದು ಗೊತ್ತಿಲ್ಲದೆ ಓದಿದರೆ ಇಸವಿ ತಲೆಕೆಳಗಾಗುತ್ತದೆ.

ಮ್ಯೂಸಿಯಂ ಮತ್ತು ಚೀಟಿ

ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ ರೈಸ್ ಅವರ ಕಣ್ಣ ಮುಂದೆಯೇ ಬೆಳೆದದ್ದು. ಸರ್ಜನ್ ಎಡ್ವರ್ಡ್ ಬಾಲ್ಫೋರ್ ಸಲಹೆಯ ಮೇಲೆ 1865ರಲ್ಲಿ ಕಂಟೋನ್ಮೆಂಟಿನಲ್ಲಿ ಶುರುವಾಗಿ, ಹತ್ತು ಹನ್ನೆರಡು ವರ್ಷದ ಮೇಲೆ ಈಗಿನ ಕಟ್ಟಡಕ್ಕೆ ಬಂತು. ಅಲ್ಲಿ ಸೇರಿದ್ದ ಮೈಸೂರು ನಾಣ್ಯಗಳ ಪಟ್ಟಿಯನ್ನು ಕ್ಯಾಪ್ಟನ್ ಟಫ್ನೆಲ್ ಎಂಬ ಸೈನ್ಯಾಧಿಕಾರಿ 1889ರಲ್ಲೇ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ಬೆಂಗಳೂರು ಮ್ಯೂಸಿಯಂ ನಾಣ್ಯಗಳ ಲೆಕ್ಕ ಪುಸ್ತಕ ಅಂದ್ರೆ ಅದು.

ಅಂಥ ಪಟ್ಟಿ ಮಾಡುವವರ ಮುಂದೆ ಇರುವ ಪ್ರಶ್ನೆಗಳು ಅಕ್ಕಸಾಲಿ ಕೇಳುವ ಪ್ರಶ್ನೆಗಳ ಹಾಗೇ ಶುರುವಾಗುತ್ತವೆ. ಲೋಹ ಯಾವುದು, ತೂಕ ಎಷ್ಟು. ವರಹ ಆದರೆ ಮೂರೂವರೆ ಗ್ರಾಂ ಹತ್ತಿರ ಬರಬೇಕು. ಹಣ ಅನ್ನುವುದು ಅದರ ಹತ್ತನೇ ಒಂದು ಭಾಗ, ಉಗುರಿನ ಮೇಲೆ ನಿಲ್ಲುವಷ್ಟು ಚಿಕ್ಕ ಚಿನ್ನ. ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಟಂಕಿಸಿದ ಕಂಠೀರವ ಹಣ ಎಷ್ಟು ಚಿಕ್ಕದು ಅಂದರೆ ಎಣಿಸುವಾಗ ಕೈ ತಪ್ಪಿ ಬಿದ್ದರೆ ಮಣ್ಣಲ್ಲಿ ಹುಡುಕಬೇಕು. ಹಣದಲ್ಲಿ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ನಾವು ಇವತ್ತು ಗಲ್ಲಾದಲ್ಲಿ ಹಣ ಇದೆ ಅನ್ನುವಾಗ ಆಡುವ ಪದ ಒಂದು ಕಾಲಕ್ಕೆ ನಿಜವಾದ ನಾಣ್ಯದ ಹೆಸರು.

ಇಲ್ಲೂ ಕಲ್ಲು ಬೇಕು. ಗದ್ಯಾಣ, ಹೊನ್ನು, ಹಣ, ಹಾಗ ಅಂತ ಯಾವ ಕಾಲದಲ್ಲಿ ಯಾವ ಊರಲ್ಲಿ ಯಾವುದು ಓಡುತ್ತಿತ್ತು ಅಂತ ತಿಳಿಯೋದು ದಾನ ಶಾಸನಗಳಿಂದ. ದೇವರ ದೀಪಕ್ಕೆ ಇಷ್ಟು ಗದ್ಯಾಣ, ಸಂತೆಯ ಸುಂಕದಲ್ಲಿ ಇಷ್ಟು ಹಾಗ, ಎತ್ತಿನ ಹೇರಿಗೆ ಇಷ್ಟು ಅಂತ ಕಲ್ಲಲ್ಲಿ ಕೊರೆದಿರುತ್ತಾರೆ. ಈಗಿನ ಅಂಗಡಿ ಬಿಲ್ಲಿನ ಹಾಗೆ. ರೈಸ್ ಅವರ ಸಂಪುಟಗಳನ್ನು ಬರೀ ರಾಜರ ಯುದ್ಧಕ್ಕೆ ಅಂತ ಓದುವವರು ಈ ಭಾಗ ಹಾರಿಸಿಬಿಡುತ್ತಾರೆ. ನಷ್ಟ ಅವರಿಗೇ.

ಹನ್ನೆರಡು ಸಂಪುಟ, 8,869 ಶಾಸನ

ಎಪಿಗ್ರಾಫಿಯಾ ಕರ್ನಾಟಿಕ ಅನ್ನೋದು ಸಂಪುಟಗಳ ಹೆಸರು. ಮೊದಲನೆಯದು ಕೊಡಗಿನದು, 1886ರಲ್ಲಿ ಬಂತು. ಮುಂದಿನ ಇಪ್ಪತ್ತು ವರ್ಷದಲ್ಲಿ ಒಟ್ಟು 12 ಸಂಪುಟ, 8,869 ಶಾಸನ. ಟೈಪ್ ಮಾಡಲು ಕಂಪ್ಯೂಟರ್ ಇಲ್ಲ, ಹೋಗಲು ರಸ್ತೆಯೇ ಸರಿ ಇಲ್ಲ, ಅಂಥ ಕಾಲದಲ್ಲಿ.

ಕಲ್ಲನ್ನು ಓದುವ ರೀತಿ ಹೀಗೆ. ಮೊದಲು ಪಾಚಿ, ಎಣ್ಣೆ ಜಿಡ್ಡು, ಸುಣ್ಣ ತೊಳೆಯಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ಬ್ರಷ್ಷಿನಿಂದ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಉಬ್ಬಿದ ಕಡೆ ಕಪ್ಪು, ಅಕ್ಷರ ಇದ್ದ ಕಡೆ ಬಿಳಿ. ಒಣಗಿದ ಮೇಲೆ ಬಿಡಿಸಿಕೊಂಡು ಕಚೇರಿಗೆ ತಂದು ಪಂಡಿತರು ಕೂತು ಓದುವುದು. ಬಿಸಿಲು ಜೋರಾದರೆ ಕಾಗದ ಬೇಗ ಒಣಗಿ ಹರಿಯುತ್ತದೆ, ಗಾಳಿ ಬಂದರೆ ಹಾರುತ್ತದೆ. ನೂರಾರು ಊರಲ್ಲಿ ಈ ಕೆಲಸ ಮಾಡಿದ ಇಲಾಖೆಯ ಆಳುಗಳ ಹೆಸರು ಯಾರ ಬಾಯಲ್ಲೂ ಇಲ್ಲ.

ಸಂಪುಟದ ಶಿಸ್ತು ನೋಡಬೇಕು. ತಾಲೂಕಿಗೆ ತಕ್ಕ ಹಾಗೆ ವಿಂಗಡಣೆ, ಪ್ರತಿ ಶಾಸನಕ್ಕೆ ನಂಬರ್, ಊರಿನ ಹೆಸರು, ಕಲ್ಲು ಆ ಊರಲ್ಲಿ ಎಲ್ಲಿದೆ ಅನ್ನೋ ಒಂದು ಸಾಲು. ದೇವಸ್ಥಾನದ ಮುಂದೆ, ಕೆರೆ ಕೋಡಿ ಹತ್ತಿರ, ಇಂಥ ಹೊಲದಲ್ಲಿ ಅಂತ. ಆಮೇಲೆ ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ. ಬೆಂಗಳೂರು ಜಿಲ್ಲೆಯದು ಒಂಬತ್ತನೇ ಸಂಪುಟ, 1905ರದು. ಪೀಣ್ಯ ದಾಟಿದರೆ ಬರುವ ನೆಲಮಂಗಲ, ವೈಟ್‌ಫೀಲ್ಡ್ ಆಚೆಯ ಹೊಸಕೋಟೆ, ಎಲೆಕ್ಟ್ರಾನಿಕ್ ಸಿಟಿ ಆಚೆಯ ಆನೇಕಲ್, ಎಲ್ಲ ಅದರಲ್ಲೇ ಇವೆ. ದೊಮ್ಮಲೂರಿನ ಚೊಕ್ಕನಾಥ ಗುಡಿಯ ತಮಿಳು ಶಾಸನಗಳೂ ಇವೆ. ಟೆಕ್ ಪಾರ್ಕ್ ಬರೋದಕ್ಕೆ ನೂರು ವರ್ಷ ಮೊದಲು ಅಲ್ಲೆಲ್ಲ ಯಾವ ಹೊಲದಲ್ಲಿ ಯಾವ ಕಲ್ಲು ನಿಂತಿತ್ತು ಅಂತ ತಿಳಿಯಲು ಇವತ್ತಿಗೂ ಮೊದಲು ತೆಗೆಯುವ ಪುಸ್ತಕ ಅದೇ. ಕಲ್ಲು ಹೋಗಿ ಲೇಔಟ್ ಬಂದ ಕಡೆ ಆ ಒಂದು ಸಾಲು ಬಿಟ್ಟರೆ ಬೇರೆ ದಾಖಲೆಯೇ ಇಲ್ಲ.

ಬೇಗೂರಿನ ಕಲ್ಲು ಹಾಗಾಗದೆ ಉಳಿಯಿತು. ಗಂಗರ ಎರೆಯಪ್ಪನ ಕಡೆಯ ನಾಗತ್ತರ ಎಂಬ ವೀರ ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಸೈನ್ಯದ ಮೇಲೆ ಹೋರಾಡಿ ಸತ್ತ. ಆನೆ, ಕುದುರೆ, ಬಿಲ್ಲು, ಬಿದ್ದ ಹೆಣಗಳು, ಇಡೀ ಯುದ್ಧವೇ ಆ ಕಲ್ಲಿನಲ್ಲಿದೆ. ಅವನು ಸತ್ತ ಮೇಲೆ ಇರುಗ ಎಂಬುವನಿಗೆ ಬೆಂಪೂರು ಹನ್ನೆರಡು ಅನ್ನುವ ಹಳ್ಳಿಗಳ ಗುಂಪನ್ನು ಕೊಟ್ಟದ್ದು ಅದರಲ್ಲಿ ಬರೆದಿದೆ. ಬೆಂಪೂರು ಅಂದ್ರೆ ಇವತ್ತಿನ ಬೇಗೂರು. ಆ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಕಾಳಿ ಎಂಬ ನಾಯಿ ಹಂದಿಯ ಜೊತೆ ಕಾದಾಡಿ ಸತ್ತದ್ದಕ್ಕೆ ನಿಲ್ಲಿಸಿದ ಆತಕೂರಿನ ಕಲ್ಲೂ ಅಲ್ಲೇ ಇದೆ. ಎರಡೂ ತಮ್ಮ ಊರು ಬಿಟ್ಟು ಬಂದವು. ಊರಿನ ಹೆಸರು ಬರಹದಲ್ಲಿ ಇರುವುದರಿಂದ ಅನಾಥ ಆಗಲಿಲ್ಲ.

1892ರಲ್ಲಿ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನ ಕಂಡುಹಿಡಿದದ್ದು ರೈಸ್ ಅವರಿಗೆ ದೊಡ್ಡ ಹೆಸರು ತಂದಿತು. ಅಶೋಕನ ರಾಜ್ಯ ಕನ್ನಡ ನಾಡಿನವರೆಗೂ ಇತ್ತು ಅನ್ನೋದಕ್ಕೆ ಕೈಗೆ ಸಿಕ್ಕ ಪುರಾವೆ ಅದು. ನಡುವೆ ಪಂಪನ ಕಾವ್ಯಗಳನ್ನೂ ಹಳೆಯ ವ್ಯಾಕರಣ ಗ್ರಂಥಗಳನ್ನೂ ತಾಳೆಗರಿಯಿಂದ ಅಚ್ಚಿಗೆ ತಂದರು.

ಜಗಳವೂ ಇತ್ತು

ಹೊಗಳಿಕೆ ಒಂದೇ ಬರೆದರೆ ಪೂರ್ತಿ ಆಗೋದಿಲ್ಲ. ಮುಂಬೈ ಸರ್ಕಾರದಲ್ಲಿದ್ದ ಜೆ. ಎಫ್. ಫ್ಲೀಟ್ ಎಂಬ ಇನ್ನೊಬ್ಬ ದೊಡ್ಡ ಶಾಸನ ತಜ್ಞರಿಗೂ ರೈಸ್ ಅವರಿಗೂ ವರ್ಷಗಟ್ಟಲೆ ವಾದ ನಡೆಯಿತು. ಗಂಗರ ತಾಮ್ರ ಪಟಗಳಲ್ಲಿ ಬಹಳಷ್ಟು ನಕಲಿ, ಆಮೇಲೆ ಯಾರೋ ಜಮೀನಿನ ಹಕ್ಕು ಸಾಧಿಸಲು ಬರೆಸಿಕೊಂಡದ್ದು ಅಂತ ಫ್ಲೀಟ್ ನಿಲುವು. ರೈಸ್ ಅವನ್ನು ನಂಬಿ ಗಂಗರ ವಂಶಾವಳಿ ಕಟ್ಟಿದ್ದರು, ಬಿಟ್ಟುಕೊಡಲಿಲ್ಲ. ನಕಲಿ ಪತ್ರ ತೋರಿಸಿ ಸೈಟ್ ಮಾರುವವರನ್ನು ನೋಡಿದ ನಮ್ಮ ಕಡೆಯವರಿಗೆ ಫ್ಲೀಟ್ ಅನುಮಾನ ಹೊಸದೇನೂ ಅನ್ನಿಸೋದಿಲ್ಲ. ಮುಂದಿನ ವಿದ್ವಾಂಸರು ನೋಡಿದಾಗ ಕೆಲವು ಪಟಗಳು ನಕಲಿಯೇ, ಕೆಲವು ಅಸಲಿ. ಹಾಗಾಗಿ ಇಬ್ಬರೂ ಪೂರ್ತಿ ಗೆಲ್ಲಲಿಲ್ಲ.

ಅವಸರದ ಓದಿನ ತಪ್ಪುಗಳೂ ಸಂಪುಟಗಳಲ್ಲಿವೆ. ಅದಕ್ಕೇ ಮೈಸೂರು ವಿಶ್ವವಿದ್ಯಾನಿಲಯದವರು 1970ರ ದಶಕದಿಂದ ಆ ಸಂಪುಟಗಳನ್ನು ತಿದ್ದಿ, ಹೊಸದಾಗಿ ಸಿಕ್ಕ ಶಾಸನ ಸೇರಿಸಿ ಮತ್ತೆ ಅಚ್ಚು ಹಾಕಲು ಶುರು ಮಾಡಿದ್ದು. ಆದರೆ ತಿದ್ದಬೇಕಾದರೂ ಮೊದಲು ಒಂದು ಪ್ರತಿ ಇರಬೇಕಲ್ಲ.

ಸಾಹೇಬ್ರು ಹೋದ ಮೇಲೆ

1906ರಲ್ಲಿ ನಿವೃತ್ತಿಯಾಗಿ ರೈಸ್ ಇಂಗ್ಲೆಂಡಿಗೆ ಹೋದರು. ಹುಟ್ಟಿದ ಊರು ಬಿಟ್ಟಾಗ ವಯಸ್ಸು ಎಪ್ಪತ್ತರ ಹತ್ತಿರ. ಲಂಡನ್ನಿನ ಪಕ್ಕದ ಹ್ಯಾರೋದಲ್ಲಿ ನೆಲೆಸಿದರೂ ಕೈ ಸುಮ್ಮನಿರಲಿಲ್ಲ. 1909ರಲ್ಲಿ ಮೈಸೂರು, ಕೊಡಗಿನ ಚರಿತ್ರೆಯನ್ನು ಶಾಸನಗಳಿಂದಲೇ ಬರೆದು ಪುಸ್ತಕ ಮಾಡಿದರು. ಕೊಡಗಿನ ಮೊದಲ ಸಂಪುಟವನ್ನು ಮತ್ತೆ ತಿದ್ದಿದರು. 1927ರ ಜುಲೈ 10ರಂದು ತೀರಿಕೊಂಡರು. ಇನ್ನೊಂದು ವಾರ ಇದ್ದಿದ್ದರೆ ತೊಂಬತ್ತು ತುಂಬುತ್ತಿತ್ತು.

ಅವರ ಜಾಗಕ್ಕೆ ಬಂದವರು ಅವರ ಕೈ ಕೆಳಗೇ ಕೆಲಸ ಕಲಿತ ಆರ್. ನರಸಿಂಹಾಚಾರ್, ಕವಿಚರಿತೆ ಬರೆದವರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವರು ಅಗೆಸಿದಾಗ ಶಾತವಾಹನರ ಕಾಲದ ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯ, ಜೊತೆಗೆ ಒಂದು ಚೀನಾದ ನಾಣ್ಯ ಒಂದೇ ಜಾಗದಲ್ಲಿ ಸಿಕ್ಕವು. 1929ರಲ್ಲಿ ಎಂ. ಎಚ್. ಕೃಷ್ಣ ಅಲ್ಲೇ ಇನ್ನೂ ಆಳಕ್ಕೆ ಹೋದರು. ಲಂಡನ್ನಿನಲ್ಲಿ ದಖ್ಖನ್ನಿನ ನಾಣ್ಯಗಳ ಮೇಲೆಯೇ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದವರು ಅವರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅದೇ ಚಂದ್ರವಳ್ಳಿಗೆ ಬಂದದ್ದೂ ಇದೇ ಕಾರಣಕ್ಕೆ. ವರ್ಷ ಗೊತ್ತಿರುವ ರೋಮ್ ನಾಣ್ಯ ಯಾವ ಮಣ್ಣಿನ ಪದರದಲ್ಲಿ ಸಿಗುತ್ತದೋ ಆ ಪದರದ ಮಡಕೆ, ಮನೆ, ಸೀಸದ ಕಾಸು ಎಲ್ಲದರ ಕಾಲವೂ ಸಿಕ್ಕಿದ ಹಾಗೆ. ನಾಣ್ಯವನ್ನು ಪದರದಿಂದ ಕಿತ್ತು ಜೇಬಿಗೆ ಹಾಕಿಕೊಂಡರೆ ನಾಣ್ಯ ಉಳಿಯುತ್ತದೆ, ಉಳಿದದ್ದೆಲ್ಲ ಹೋಗುತ್ತದೆ.

ರೈಸ್ ಬೇಗೂರಿನಲ್ಲಿ ಓದಿದ್ದು ದೊಡ್ಡ ಕಲ್ಲು. ಅದೇ ನಾಗೇಶ್ವರ ಗುಡಿಯ ಬಳಿಯ ಇನ್ನೊಂದು ಚಿಕ್ಕ ಕಲ್ಲು ಬೆಳಕಿಗೆ ಬಂದದ್ದು ನರಸಿಂಹಾಚಾರ್ ಕಾಲದಲ್ಲಿ. ಬೆಂಗಳೂರು ಕಾಳಗ ಅನ್ನುವ ಮಾತು ಇರೋದು ಅದರಲ್ಲೇ. ಒಂಬತ್ತನೇ ಶತಮಾನದ ಕೊನೆಗೇ ಬೆಂಗಳೂರು ಅನ್ನೋ ಊರಿನ ಹೆಸರು ಇತ್ತು ಅಂತ ತೋರಿಸಿದ ಕಲ್ಲು. ಬೆಂದಕಾಳೂರು ಕಥೆ ಹೇಳುವವರಿಗೆ ಈಗಲೂ ಅದನ್ನೇ ತೋರಿಸೋದು.

ವೈಟ್‌ಫೀಲ್ಡ್ ದಾರಿಯಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 1965ರಲ್ಲಿ ಮತ್ತೆ ರೋಮಿನ ಬೆಳ್ಳಿ ಸಿಕ್ಕಿತು. ಈ ಸಲ ಎರಡೂವರೆ ನೂರಕ್ಕೂ ಹೆಚ್ಚು ನಾಣ್ಯ. ಯಶವಂತಪುರದ ರಾಶಿಗೆ ಊರಿನ ಹೆಸರು ಉಳಿದಿದ್ದರಿಂದಲೇ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲು ಆಯಿತು. ಒಂದೇ ಕಡೆ ಸಿಕ್ಕಿದ್ದರೆ ದಾರಿಹೋಕ ಬೀಳಿಸಿಕೊಂಡು ಹೋದದ್ದು ಅನ್ನಬಹುದಿತ್ತು. ಊರಿನ ಪಶ್ಚಿಮಕ್ಕೊಂದು ಪೂರ್ವಕ್ಕೊಂದು ಸಿಕ್ಕ ಮೇಲೆ ಆ ಮಾತು ನಿಲ್ಲೋದಿಲ್ಲ.

ಈಗ ಮಣ್ಣು ಅಗೆಯೋದು ಜೆಸಿಬಿ. ಪೈಪ್‌ಲೈನ್, ಬೇಸ್‌ಮೆಂಟ್ ಪಾರ್ಕಿಂಗ್, ಮೆಟ್ರೋ ಪಿಲ್ಲರ್ ಅಂತ ಪೀಣ್ಯದಿಂದ ಸರ್ಜಾಪುರದವರೆಗೆ ದಿನವೂ ನೆಲ ತೆರೆಯುತ್ತಲೇ ಇದೆ. ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆ 1962ರದು. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಹತ್ತಿರದ ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ಹೇಳಿದರೂ ಸುದ್ದಿ ಅಲ್ಲಿಗೆ ಮುಟ್ಟುತ್ತದೆ. ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಬಾರದು, ಅಕ್ಷರ ಸವೆದರೆ ಮತ್ತೆ ಬರೋದಿಲ್ಲ. ಎಲ್ಲಿ, ಎಷ್ಟು ಆಳದಲ್ಲಿ, ಜೊತೆಗೆ ಮಡಕೆ ಚೂರು ಇತ್ತಾ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟರೆ ಮ್ಯೂಸಿಯಂನವರು ಮೊದಲು ಕೇಳುವುದು ಅದನ್ನೇ.